ಪಗಡೆಯಾಟದಲ್ಲಿ ನಿಂತುಹೋದ ಓದು

ಸ್ಫೂರ್ತಿ, ಅಮರೇಶ,

ಅಜ್ಜಿ ಸಿಂಧನೂರಿನ ಕೆಲಸ ಬಿಟ್ಟಳು ಅಂತ ನಿಮ್ಮಪ್ಪ ನಿಮಗೆ ಹೇಳಿದ್ದಾನೆ. ಮೊಣಕಾಲು ನೋವು, ದಿನಾ ಬಸ್ಸಿನಲ್ಲಿ ಹೋಗಿಬರುವುದು ಆಗಲಿಲ್ಲ ಅಂತ ಕಾರಣವನ್ನೂ ಕೊಟ್ಟಿದ್ದಾನೆ. ಮೊಣಕಾಲು ನೋಯುವುದು ನಿಜ. ಆದರೆ ನಾನು ಕೆಲಸ ಬಿಡಲಿಲ್ಲ, ಬಿಡಿಸಿದರು. ಅದು ಹೇಗಾಯಿತು ಎಂಬುದನ್ನು ಬಾಯಿಂದ ಹೇಳಲು ನನಗೆ ಆಗುವುದಿಲ್ಲ. ನಾಲ್ಕು ಜನರ ಮುಂದೆ ನನ್ನ ಮಾತು ಗಂಟಲಲ್ಲೇ ಉಳಿಯುತ್ತದೆ, ನಿಮಗೆ ಗೊತ್ತು. ಬರೆಯುವುದು ಸ್ವಲ್ಪ ಬರುತ್ತದೆ. ಊರ ಶಾಲೆಯಲ್ಲಿ ಏಳನೆಯ ತರಗತಿಯ ತನಕ ಕಲಿತ ಕನ್ನಡ ಇದು. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಸಿಂಧನೂರಿನಲ್ಲಿ ಅಕ್ಕಿ ಗಿರಣಿಗಳ ಬದಿಗೆ ಮಕ್ಕಳಿಗಾಗಿ ಒಂದು ಸಣ್ಣ ವಾಚನಾಲಯ ಇತ್ತು. ನಾನು ಬೆಳಿಗ್ಗೆ ಮಸ್ಕಿಯಿಂದ ಹೋಗಿ ಕಸ ಹೊಡೆದು, ಪುಸ್ತಕ ಜೋಡಿಸಿ, ಊಟದ ಹೊತ್ತಿಗೆ ಮುಂಚೆ ಮಕ್ಕಳನ್ನು ಕೂಡಿಸಿಕೊಂಡು ಕಥೆ ಓದುತ್ತಿದ್ದೆ. ಮಾತಾಡಲು ನಾಚುವವಳು ಓದುವುದು ಹೇಗೆ ಅಂತ ನಿಮ್ಮಪ್ಪನಂತೆ ನೀವೂ ಕೇಳಬೇಡಿರಿ. ಓದುವಾಗ ಮಾತು ಇನ್ನೊಬ್ಬರದು, ದನಿ ಮಾತ್ರ ನನ್ನದು. ಕಣ್ಣು ಹಾಳೆಯ ಮೇಲಿದ್ದರೆ ಎದುರಿಗೆ ಯಾರು ಕುಳಿತಿದ್ದಾರೆ ಎಂಬುದು ಕಾಣಿಸುವುದೇ ಇಲ್ಲ.

ಕೆಲಸ ಬಿಡಿಸಿದ ವರ್ಷ ಬೇಸಿಗೆ ರಜೆ ಶುರುವಾಗುವ ಮೊದಲು ವಾಚನಾಲಯದ ಕಾರ್ಯದರ್ಶಿಗಳು ನನ್ನನ್ನು ಕರೆದರು. ಅವರು ಶಾಲೆಯಿಂದ ನಿವೃತ್ತರಾದ ಮಾಸ್ತರರು.

“ಈ ಸಲ ಬಿಡಿಬಿಡಿ ಕಥಿ ಬ್ಯಾಡ್ರಿ ಅಕ್ಕೋರ. ಐದು ಮಂದಿ ಅಣ್ಣತಮ್ಮಂದಿರ ದೊಡ್ಡ ಕಥಿ ಐತೆಲ್ಲ, ಅದನ್ನ ಓದ್ರಿ. ಮೊದಲಿಂದ ಕಡೀತನಕ. ಮಕ್ಕಳಿಗಂತ ಸಣ್ಣದು ಮಾಡಿ ಬರ್ದ ಪುಸ್ತಕ ಲಿಂಗಸುಗೂರಾಗ ಸಿಗ್ತಾವಂತ. ಯಾವುದು ಬೇಕೋ ಆರಿಸಿ ತರ್ರಿ.”

“ನಾನು ಆರಿಸ್ಬೇಕಾ ಸರ್?”

“ಓದೋ ಬಾಯಿ ನಿಮ್ಮದು. ನಾ ಆರಿಸಿದ್ರ ಹೆಂಗ?”

ಆವತ್ತು ಅವರು ಒಳ್ಳೆಯ ಮಾತನ್ನೇ ಆಡಿದರು. ಅದನ್ನು ಬರೆಯದೆ ಬಿಟ್ಟರೆ ಅನ್ಯಾಯವಾಗುತ್ತದೆ. ಆರಿಸು ಅಂತ ನನಗೆ ಅಲ್ಲಿಯವರೆಗೆ ಯಾರೂ ಹೇಳಿದ್ದಿಲ್ಲ. ನನ್ನ ಸೀರೆಯನ್ನೂ ನಿಮ್ಮಜ್ಜನೇ ಆರಿಸಿ ತರುತ್ತಿದ್ದರು. ಅವರು ಹೋದ ಮೇಲೆ ನಿಮ್ಮಪ್ಪ ತರುತ್ತಾನೆ.

ಲಿಂಗಸುಗೂರಿನ ಅಂಗಡಿಯಲ್ಲಿ ಮುಂದೆಲ್ಲ ಪರೀಕ್ಷೆಯ ಗೈಡುಗಳು. ಕಥೆಯ ಪುಸ್ತಕಗಳನ್ನು ಅಂಗಡಿಯವನು ಹಿಂದಿನ ಕಪಾಟಿನಿಂದ ಧೂಳು ಕೊಡವಿ ತೆಗೆದ. ಮೂರು ಇದ್ದವು. ಮೊದಲನೆಯದು ನುಣುಪು ಹಾಳೆ, ಪುಟಪುಟಕ್ಕೆ ಬಣ್ಣದ ಚಿತ್ರ. ಎರಡನೆಯದು ದಪ್ಪ, ಯಾರೋ ಪಂಡಿತರು ಬರೆದದ್ದು. ಮೂರನೆಯದು ಒರಟು ಹಾಳೆಯ ಪುಸ್ತಕ, ಚಿತ್ರವಿಲ್ಲ, ಅಕ್ಷರ ಮಾತ್ರ ದೊಡ್ಡದು.

“ಬಣ್ಣದ್ದು ಒಯ್ರಿ ಯವ್ವಾ, ಜಲ್ದಿ ಮುಗೀತೈತಿ,” ಅಂದ.

“ಮೂರೂ ಓದಿ ನೋಡಿ ಹೇಳಬಹುದಾ?”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಒಯ್ರಿ. ಬ್ಯಾಡಾದ್ದು ವಾಪಸ್ ಕೊಡ್ರಿ. ಅರಿಶಿಣದ ಕೈ ಮಾತ್ರ ಹಚ್ಚಬ್ಯಾಡ್ರಿ.”

ಕಣ್ಣಿನಲ್ಲಿ ಓದಿದರೆ ಪುಸ್ತಕ ಗೊತ್ತಾಗುವುದಿಲ್ಲ, ಬಾಯಲ್ಲಿ ಓದಬೇಕು. ಬಾಯಲ್ಲಿ ಓದಿದರೆ ಸಾಲದು, ಎದುರಿಗೆ ಒಂದು ಕಿವಿ ಇರಬೇಕು. ಮಸ್ಕಿಯಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯ ಆಪಾ ನಿಮಗೆ ನೆನಪಿರಬೇಕು, ಹಳೆ ಬಟ್ಟೆ ಕೂಡಿಸಿ ಕೌದಿ ಹೊಲಿಯುವವಳು, ನನ್ನಂತೆಯೇ ಗಂಡನಿಲ್ಲದವಳು. ಅವಳ ಅಂಗಳದಲ್ಲಿ ಕುಳಿತು ಓದಿದೆ. ಓದುತ್ತ ಅವಳ ಸೂಜಿಯ ಮೇಲೆ ಒಂದು ಕಣ್ಣಿಟ್ಟಿದ್ದೆ. ಕಥೆ ಹಿಡಿಯದಿದ್ದರೆ ಸೂಜಿ ಸರಸರ ಓಡುತ್ತದೆ. ಹಿಡಿದರೆ ತಡವರಿಸುತ್ತದೆ.

ಪಂಡಿತರ ಪುಸ್ತಕದಲ್ಲಿ ಒಂದೊಂದು ವಾಕ್ಯ ನನ್ನ ಉಸಿರಿಗಿಂತ ಉದ್ದ. ಕ್ರಿಯಾಪದ ಬರುವ ಹೊತ್ತಿಗೆ ಕರ್ತೃ ಯಾರು ಅಂತ ನನಗೇ ಮರೆತಿರುತ್ತಿತ್ತು. ಆಪಾ ಒಂದು ಇಡೀ ಸಾಲು ಹೊಲಿದು ಮುಗಿಸಿ ಗೋಡೆಗೆ ಒರಗಿ ನಿದ್ದೆ ಹೋದಳು. ಎಬ್ಬಿಸಿದರೆ, “ಛಲೋ ಐತಿ, ಛಲೋ ಐತಿ. ನಿದ್ದಿ ಬರದಾಗ ಇದನ್ನ ತಗೊಂಡು ಬಾ,” ಅಂದಳು.

ಬಣ್ಣದ ಪುಸ್ತಕ ಸರಾಗ ಓಡಿತು. ಆದರೆ ಪಗಡೆಯಾಟ ಬಂದಾಗ ಎರಡೇ ವಾಕ್ಯ. ಹಿರಿಯಣ್ಣ ಆಡಿ ಎಲ್ಲವನ್ನೂ ಸೋತ, ಎಲ್ಲರೂ ಕಾಡಿಗೆ ಹೊರಟರು. ರಾಣಿ ಚಿತ್ರದಲ್ಲಿ ಅವರ ಹಿಂದೆ ನಡೆಯುತ್ತಿದ್ದಾಳೆ, ಒಳ್ಳೆಯ ಸೀರೆ ಉಟ್ಟು, ಬಾಯಿ ಮುಚ್ಚಿಕೊಂಡು. ಆಪಾಳ ಸೂಜಿ ನಿಲ್ಲಲೇ ಇಲ್ಲ.

ಮೂರನೆಯದರಲ್ಲಿ ಆ ಭಾಗ ಇಡಿಯಾಗಿ ಇತ್ತು. ಅಣ್ಣ ರಾಜ್ಯ ಸೋಲುತ್ತಾನೆ, ತಮ್ಮಂದಿರನ್ನು ಸೋಲುತ್ತಾನೆ, ತನ್ನನ್ನೇ ಸೋಲುತ್ತಾನೆ, ಆಮೇಲೆ ಹೆಂಡತಿಯನ್ನು ಪಣಕ್ಕಿಡುತ್ತಾನೆ. ಅವಳನ್ನು ಜುಟ್ಟು ಹಿಡಿದು ಸಭೆಗೆ ಎಳೆದು ತರುತ್ತಾರೆ. ಅವಳು ಅಲ್ಲಿ ನಿಂತು ಕೇಳುತ್ತಾಳೆ: ತನ್ನನ್ನೇ ಕಳೆದುಕೊಂಡವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು?

ಆಪಾ ಸೂಜಿಯನ್ನು ಕೌದಿಯಲ್ಲಿ ಚುಚ್ಚಿ ನಿಲ್ಲಿಸಿದಳು.

“ಐದು ಮಂದಿ ಗಂಡಸ್ರು. ಒಬ್ಬಂಗೂ ಬಾಯಿಲ್ಲೇನು?”

“ಎಲ್ಲಾರೂ ಸೋತಾರಲ್ಲ.”

“ಸೋತ್ರ ಬಾಯಿ ಹೋಗ್ತೈತಾ? ನನ್ನ ಗಂಡ ಸೋತಾಗೆಲ್ಲ ಬಾಯಿ ಜಾಸ್ತಿ ಆಗ್ತಿತ್ತು.” ಕೌದಿಯನ್ನು ಬದಿಗೆ ಸರಿಸಿ ಕೇಳಿದಳು. “ನಿನ್ನ ಮದಿವ್ಯಾಗ ನಿನ್ನ ಕೇಳಿದ್ರಾ?”

“ಇಲ್ಲ.”

“ನನ್ನ ಕೇಳಿದ್ರು ನೋಡು. ನಮ್ಮೊಳಗ ಕೇಳಬೇಕು, ಕಾನೂನು ಐತಿ. ಖಾಜಿ ಸಾಬ್ರು ಮೂರು ಸಲ ಕೇಳಿದ್ರು, ಕುಬೂಲಾ, ಒಪ್ಪಿಗಿ ಐತಾ ಅಂತ. ಮೂರು ಸಲಾನೂ ನಮ್ಮ ಅಮ್ಮಿ ಹಿಂದಿನಿಂದ ನನ್ನ ತಲಿ ಒತ್ತಿದ್ಲು. ಮಂದಿ ಅಂದ್ರು, ಹುಡುಗಿ ಹೂಂ ಅಂದ್ಲು ಅಂತ.” ನಕ್ಕು ಮತ್ತೆ ಸೂಜಿ ಹಿಡಿದಳು. “ಇದನ್ನ ಓದು. ಬಣ್ಣದ್ದು ಆ ಅಂಗಡ್ಯಾವನ ತಲಿಗೆ ಹಾಕು.”

ಹೀಗೆ ನಾನು ಆರಿಸಿದೆ.

ಓದುವುದಕ್ಕೆ ಮೊದಲು ಒಂದು ಲೆಕ್ಕಾಚಾರ ಇರುತ್ತದೆ. ಪೆನ್ಸಿಲಿನಿಂದ ಉಸಿರು ತೆಗೆಯುವ ಜಾಗಕ್ಕೆ ಗೀರು ಹಾಕಿದೆ. ಮಕ್ಕಳಿಗೆ ತಿಳಿಯದ ಮಾತಿನ ಪಕ್ಕದಲ್ಲಿ ತಿಳಿಯುವ ಮಾತು ಬರೆದೆ. ಎಲ್ಲಕ್ಕಿಂತ ಮುಖ್ಯವಾಗಿ, ದಿನದ ಓದನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಗುರುತು ಮಾಡಿಕೊಂಡೆ. ನನ್ನ ತವರಿನ ಮಠದಲ್ಲಿ ಶ್ರಾವಣಕ್ಕೆ ಪುರಾಣ ಹಚ್ಚಿ ತಿಂಗಳಿಡೀ ಓದುತ್ತಿದ್ದರು. ಅಲ್ಲಿ ಒಂದು ಕಟ್ಟುಪಾಡು ಇತ್ತು. ಯಾರಾದರೂ ಕಷ್ಟದಲ್ಲಿ ಸಿಕ್ಕಿರುವ ಜಾಗದಲ್ಲಿ ಪುಸ್ತಕ ಮುಚ್ಚಬಾರದು. ಸೆರೆಯಲ್ಲಿದ್ದವನು ಹೊರಗೆ ಬರಬೇಕು, ಹಸಿದವನಿಗೆ ಅನ್ನ ಸಿಗಬೇಕು, ಆಮೇಲೆ ಮಂಗಳಾರತಿ. ಹೊತ್ತಾದರೂ ಸರಿ, ಎಣ್ಣೆ ಹಾಕಿ ದೀಪ ಉಳಿಸಿಕೊಂಡು ಮುಂದಕ್ಕೆ ಓದುತ್ತಿದ್ದರು. ಹಾಗೆ ಬಿಟ್ಟು ಎದ್ದರೆ ಕೇಳಿದವರ ಮನೆಗೆ ಆ ಕಷ್ಟ ಹಿಂದೆ ಬರುತ್ತದೆ ಅನ್ನುತ್ತಿದ್ದರು. ಬರುತ್ತದೆಯೋ ಇಲ್ಲವೋ, ನಾನು ಅದನ್ನು ಎಂದೂ ಮೀರಿದವಳಲ್ಲ.

ಪಗಡೆಯ ಭಾಗ ಮನೆಯಲ್ಲಿ ಓದಿ ನೋಡಿದಾಗ ನಮ್ಮ ದಿನದ ಹೊತ್ತಿಗಿಂತ ಬಹಳ ಉದ್ದವಾಗಿತ್ತು. ರಾಣಿ ಸಭೆಗೆ ಬಂದ ಮೇಲೆ ಅವಳು ಅಲ್ಲಿಂದ ಹೊರಬೀಳುವ ತನಕ ನಿಲ್ಲಿಸಲು ಒಂದೂ ಒಳ್ಳೆಯ ಜಾಗ ಇಲ್ಲ. ಕಾರ್ಯದರ್ಶಿಗಳಿಗೆ ಮೊದಲೇ ಹೇಳಿದೆ, ಆ ದಿನ ಊಟಕ್ಕೆ ತಡವಾಗುತ್ತದೆ ಅಂತ. “ಆಗ್ಲೇಳ್ರಿ, ಅದರಾಗೇನು,” ಅಂದರು.

ಓದು ಶುರುವಾಯಿತು. ಗಿರಣಿ ಕೂಲಿಗಳ ಮನೆಗಳಿರುವ ಗಿರಣಿ ಲೈನಿನ ಮಕ್ಕಳು, ಹಿಂದಿನ ಓಣಿಯ ಸಾಬರ ಮಕ್ಕಳು, ಕುರಿ ಕಾಯುವವರ ಮಕ್ಕಳು ಎಲ್ಲ ಬಂದರು. ಕರೆಂಟು ಹೋದಾಗ ಬೇವಿನ ಮರದ ಕೆಳಗೆ ಕೂಡುತ್ತಿದ್ದೆವು. ಟ್ರ್ಯಾಕ್ಟರು ಹಾದರೆ ನಾನು ನಿಲ್ಲಿಸಿ ಕಾಯುತ್ತಿದ್ದೆ. ಕಥೆಗೆ ಒಬ್ಬರು ಹೂಂಗುಡಬೇಕು, ಇಲ್ಲದಿದ್ದರೆ ಓದುವವಳಿಗೆ ದಾರಿ ತಪ್ಪುತ್ತದೆ. ಆ ಕೆಲಸವನ್ನು ಗಿರಣಿಯ ಹಮಾಲನ ಮಗಳು ತಾನಾಗಿಯೇ ಹಿಡಿದಳು. ಒಂಬತ್ತನೆಯ ತರಗತಿಗೆ ಹೋಗಬೇಕಾದ ಹುಡುಗಿ. ಎಲ್ಲರಿಗಿಂತ ಮುಂದೆ, ನನ್ನ ಮೊಣಕಾಲಿಗೆ ತಾಗುವಂತೆ ಕೂಡುತ್ತಿದ್ದಳು. ಅವಳ ಹೂಂನಲ್ಲಿ ಬಗೆಬಗೆ ಇರುತ್ತಿತ್ತು. ನಂಬದಿದ್ದರೆ ಎಳೆಯುತ್ತಿದ್ದಳು, ಬೇಸರವಾದರೆ ಕತ್ತರಿಸುತ್ತಿದ್ದಳು.

“ನೂರು ಮಂದಿ ಮಕ್ಕಳು,” ಅಂತ ನಾನು ಓದಿದರೆ, “ಹೂಂ... ರೇಷನ್ ಕಾರ್ಡಿನ್ಯಾಗ ಹೆಂಗ ಹಿಡಿಸಿದ್ರಬೇಕು,” ಅಂತ ಕೇಳಿ ಎಲ್ಲರನ್ನೂ ನಗಿಸಿದ್ದಳು.

ಅವಳನ್ನು ಮುದಗಲ್ಲಿನ ಸೋದರಮಾವನಿಗೆ ಕೊಡುವ ಮಾತು ಮನೆಯಲ್ಲಿ ನಡೆದಿದೆ ಅಂತ ಮಕ್ಕಳೇ ಕಾಡಿಸುತ್ತಿದ್ದರು. “ಲೇ ಮುದಗಲ್ ಸೊಸಿ, ಸರಿಬೇ,” ಅನ್ನುತ್ತಿದ್ದರು. ಅವಳು ತಿರುಗಿ ಬೆನ್ನಿಗೆ ಗುದ್ದುತ್ತಿದ್ದಳು. ನಾನು ಕೇಳಿಯೂ ಕೇಳದಂತಿದ್ದೆ. ಮಾತು ತಾನೆ, ಇನ್ನೂ ದೂರ ಇದೆ ಅಂದುಕೊಂಡೆ.

ಪಗಡೆಯ ದಿನ ಬಂತು. ನಾನು ನೀರು ಕುಡಿದು, ಮಕ್ಕಳಿಗೂ ಕುಡಿಸಿ, ನಡುವೆ ಯಾರೂ ಏಳಬಾರದು ಅಂತ ಹೇಳಿ ಶುರು ಮಾಡಿದೆ. ಹಿರಿಯಣ್ಣ ಒಂದೊಂದನ್ನೇ ಸೋಲತೊಡಗಿದ. ಹುಡುಗಿಯ ಹೂಂ ಸಣ್ಣದಾಗುತ್ತ ಬಂತು. ರಾಣಿಯನ್ನು ಎಳೆದು ತಂದು ಸಭೆಯ ನಡುವೆ ನಿಲ್ಲಿಸಿದರು. ಅವಳು ಪ್ರಶ್ನೆ ಕೇಳಿದಳು. ಆಗ ಹೊರಗೆ ಕಾರು ನಿಂತಿತು.

ವಾಚನಾಲಯಕ್ಕೆ ಫ್ಯಾನು ಕೊಡಿಸಿದ ಗಿರಣಿ ಸಾಹುಕಾರರು ಬಂದಿದ್ದರು. ಮುಂದಿನ ವಾರ ಬರಬೇಕಾದವರು, ದಾರಿಯಲ್ಲಿ ಅಂತ ಇಳಿದರಂತೆ. ಕಾರ್ಯದರ್ಶಿಗಳು ಅವಸರದಿಂದ ಒಳಗೆ ಬಂದು, “ಅಕ್ಕೋರ, ಬಂದ್ ಮಾಡ್ರಿ. ಸಾಹುಕಾರ್ರು ಬಂದಾರ, ಫೋಟೋ ಐತಿ,” ಅಂದರು.

ನಾನು ತಲೆ ಎತ್ತಲಿಲ್ಲ. “ಇಲ್ಲಿ ನಿಲ್ಲಿಸಬಾರದ್ರಿ ಸರ್. ಸ್ವಲ್ಪ ತಡೀರಿ.”

“ನಾಳೆ ಓದಿದ್ರಾತು. ಅವರು ನಿಂತಾರ.”

ಆ ಕ್ಷಣದಲ್ಲಿ ನಾನು ಒಂದು ತೀರ್ಮಾನ ಮಾಡಿದೆ. ಜೀವನದಲ್ಲಿ ಹಿರಿಯರ ಮಾತಿಗೆ ಎದುರು ನಡೆದದ್ದು ಅದೇ ಮೊದಲ ಸಲ. ನಾನು ಓದುತ್ತ ಹೋದೆ. ಸಭೆಯ ಹಿರಿಯರು ತಲೆ ತಗ್ಗಿಸಿದರು ಅನ್ನುವ ಸಾಲಿನ ತನಕ ಬಂದಿದ್ದೆ. ಕಾರ್ಯದರ್ಶಿಗಳು ಬಗ್ಗಿ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದರು. ಸಿಟ್ಟಿನಿಂದ ಅಲ್ಲ. ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವ ಹಾಗೆ, ನಗುತ್ತ.

ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಸಾಹುಕಾರರು ಬಿಸ್ಕತ್ತು ಹಂಚುತ್ತ ಬಂದರು. ಹುಡುಗಿ ಬಿಸ್ಕತ್ತಿಗೆ ಕೈ ಚಾಚಲಿಲ್ಲ.

“ಆಕಿ ಇನ್ನೂ ಅಲ್ಲೇ ನಿಂತಾಳ್ರೀ,” ಅಂದಳು.

“ಯಾರವ್ವಾ?”

“ರಾಣಿ. ಸಭಾದಾಗ.”

ಕಾರ್ಯದರ್ಶಿಗಳು ಯಾವ ಕಥೆ ಅಂತ ಹೇಳಿದರು. ಸಾಹುಕಾರರು ಸಮಾಧಾನವಾಗಿಯೇ ನಕ್ಕರು. “ಅದಾ? ದೇವರು ಸೀರಿ ಕೊಟ್ಟ, ಮಾನ ಉಳೀತು. ಆತಲ್ಲ, ತಗೋ.”

“ಸೀರಿ ಅಲ್ರೀ. ಆಕಿ ಕೇಳಿದ್ದಕ್ಕ ಉತ್ತರ ಏನ್ರೀ?”

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಸಾಹುಕಾರರ ಮುಖದಲ್ಲಿದ್ದ ನಗು ಹಾಗೆಯೇ ಇತ್ತು, ಕಣ್ಣು ಮಾತ್ರ ಬದಲಾಯಿತು. “ಯಾರ ಮಗಳಿಕಿ?” ಅಂತ ಕೇಳಿದರು. ಯಾರೋ ಹೇಳಿದರು. ಅವಳ ಅಪ್ಪ ಅವರ ಗಿರಣಿಯಲ್ಲೇ ಮೂಟೆ ಹೊರುವವನು.

ಮರುದಿನ ಹುಡುಗಿ ಬರಲಿಲ್ಲ. ಕಾರ್ಯದರ್ಶಿಗಳು ನನ್ನ ಮುಂದೆ ಬಣ್ಣದ ಪುಸ್ತಕ ಇಟ್ಟರು. ತಾವೇ ತರಿಸಿದ್ದರು. “ಇನ್ನ ಮುಂದ ಇದರಾಗ ಓದ್ರಿ. ಕಾಡಿಗೆ ಹೋಗೋದ್ರಿಂದ ಹಿಡೀರಿ. ಮಕ್ಕಳಿಗೆ ಯಾಕ ಬೇಕು ಜುಟ್ಟು ಹಿಡಿಯೋದು, ಸೀರಿ ಸೆಳಿಯೋದು.”

“ನಿನ್ನೇದು ಮುಗಿಸಿ ಇದನ್ನ ಹಿಡೀತೀನ್ರಿ.”

“ಮುಗೀತದು.”

ನಾನು ಆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಮಕ್ಕಳು ಕಾದರು. ನಾನು ಅದನ್ನು ತೆರೆಯಲಿಲ್ಲ. ಕಡೆಗೆ ನಿಮಗೆ ಬೇಕಾದ ಪುಸ್ತಕ ನೀವೇ ತೆಗೆದುಕೊಂಡು ಓದಿ ಅಂತ ಅವರನ್ನು ಎಬ್ಬಿಸಿದೆ.

ಅದೇ ವಾರದಲ್ಲಿ ಹುಡುಗಿಯ ತಾಯಿ ಬಂದಳು. ಮಗಳು ಮನೆಗೆ ಒಯ್ದಿದ್ದ ಬೇರೊಂದು ಪುಸ್ತಕ ವಾಪಸು ಕೊಡಲು ಬಂದಿದ್ದಳು. ಬಾಗಿಲ ಹೊರಗೇ ನಿಂತು ಮಾತಾಡಿದಳು.

“ಆಕಿ ಅಪ್ಪಗ ಗಿರಣ್ಯಾಗ ಬೈದ್ರಂತ, ಮಗಳ ಬಾಯಿ ಭಾಳ ಆಗೈತಿ ಅಂತ. ರಾತ್ರಿ ನಮ್ಮ ತಮ್ಮ ಬಂದಿದ್ದ, ಮಾತು ಗಟ್ಟಿ ಮಾಡಾಕ. ಎಲ್ಲಾರ ಮುಂದ ನಿಂತು ಕೇಳ್ಯಾಳ, ನನ್ನ ಕೊಡಾಕ ನೀವ್ಯಾರು, ನನ್ನ ಕೇಳೀರೇನು ಅಂತ.”

ನಾನು ಪುಸ್ತಕಕ್ಕೆ ಕೈ ಚಾಚಿದೆ, ಅವಳು ಕೊಡಲಿಲ್ಲ.

“ನೀವು ಓದಿ ನಾಕರ ಬಸ್ಸಿಗೆ ಮನಿಗೆ ಹೋಗ್ತೀರಿ. ಆಕಿ ಬಾಯಿ ಬಿಚ್ಚಿಸಿ ನಮ್ಮ ಮನಿಗೆ ಕಳಿಸಿದ್ರಿ. ಹೊಡ್ತ ತಿಂದಾಕಿ ಆಕಿ. ಬಿಡಸಾಕ ಹೋಗಿ ತಿಂದಾಕಿ ನಾನು.”

“ಒಂದ ದಿನ ಕಳಿಸವ್ವ. ಉಳಿದದ್ದು ಓದಿ ಮುಗಿಸ್ತೀನಿ.”

ಅವಳು ನನ್ನನ್ನು ನೋಡಿದ ರೀತಿಯನ್ನು ಬರೆಯಲು ನನಗೆ ಬರುವುದಿಲ್ಲ. ಪುಸ್ತಕವನ್ನು ಹೊಸ್ತಿಲ ಮೇಲಿಟ್ಟು ಹೋದಳು.

ನಾನು ಗಿರಣಿ ಲೈನಿನ ಅಂಗನವಾಡಿ ಕಾರ್ಯಕರ್ತೆಗೆ ಮದುವೆಯ ವಿಷಯ ತಿಳಿಸಿದೆ. ಅವಳು ಮೇಲಿನವರಿಗೆ ತಿಳಿಸಿದಳು. ಜೀಪಿನಲ್ಲಿ ಬಂದರು. ಹಮಾಲ ಕೈ ಮುಗಿದು, ಎಲ್ಲಿಯ ಮದುವೆ ಸಾಹೇಬರೇ, ಹುಡುಗಿ ರಜೆಗೆ ಮಾವನ ಊರಿಗೆ ಹೋಗಿದ್ದಾಳೆ ಅಂದ. ಬರೆಸಿಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು, ಚಹಾ ಕುಡಿದು ಹೋದರು. ಹೇಳಿದವರು ಯಾರು ಅಂತ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿತ್ತು.

ಕಾರ್ಯದರ್ಶಿಗಳು ನನ್ನನ್ನು ಬಯ್ಯಲಿಲ್ಲ. “ನಿಮ್ಮ ಮೊಣಕಾಲು ಭಾಳ ನೋಯ್ತಾವಲ್ರೀ ಅಕ್ಕೋರ. ಮನ್ಯಾಗ ಆರಾಮ ಮಾಡ್ರಿ,” ಅಂದರು. ಮೊಣಕಾಲಿನ ಕಾರಣ ಹುಟ್ಟಿದ್ದು ಹೀಗೆ. ನಿಮ್ಮಪ್ಪನಿಗೂ ಅದು ಹಿಡಿಸಿತು. ಮಂದಿಗೆ ಹೇಳಲು ಸುಲಭ.

ಮೂರನೆಯ ಪುಸ್ತಕ ವಾಚನಾಲಯದ್ದು, ನನ್ನದಲ್ಲ. ಕೇಳಿದೆ. “ಒಯ್ರಿ, ಇಲ್ಲಿ ಯಾರು ಓದ್ತಾರ ಅದನ್ನ,” ಅಂದರು. ಅದನ್ನು ಚೀಲದಲ್ಲಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗುವ ಬದಲು ಗಿರಣಿ ಲೈನಿಗೆ ಹೋದೆ. ಬಿಸಿಲಿಗೆ ಓಣಿಯಲ್ಲಿ ನಾಯಿಯೂ ಇರಲಿಲ್ಲ. ಗಂಡಸರು ಗಿರಣಿಯಲ್ಲಿದ್ದರು. ಹುಡುಗಿಯ ತಾಯಿ ಬಾಗಿಲಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

“ಆಕಿ ಇಲ್ರೀ. ಮುದಗಲ್ ಕಡೆ ಹೋಗ್ಯಾಳ.”

“ಗೊತ್ತೈತಿ. ನಡುವ ಬಿಟ್ಟೀನಿ. ಮುಗಿಸಿ ಹೋಗ್ತೀನಿ.”

“ಯಾರಿಗೆ ಓದ್ತೀರಿ?”

“ನಿನಗ.”

ಅವಳು ಮೊರವನ್ನು ತೊಡೆಗೆ ಎಳೆದುಕೊಂಡಳು. ಸ್ವಲ್ಪ ಸರಿದು ನೆರಳಿನಲ್ಲಿ ಜಾಗ ಬಿಟ್ಟಳು. ನಾನು ಕುಳಿತು, ಪುಸ್ತಕ ಮುಚ್ಚಿಸಿದ್ದ ಸಾಲಿನಿಂದ ಶುರು ಮಾಡಿದೆ. ಹಿರಿಯರು ಧರ್ಮ ಬಹಳ ಸೂಕ್ಷ್ಮ ಅಂದರು. ಸೀರೆ ಸೆಳೆದರು, ಸೀರೆ ಮುಗಿಯಲಿಲ್ಲ. ಕುರುಡ ರಾಜನಿಗೆ ಹೆದರಿಕೆಯಾಗಿ, ಏನು ಬೇಕು ಕೇಳಿಕೋ ಅಂದ. ಅವಳು ಗಂಡಂದಿರನ್ನು ಬಿಡಿಸಿಕೊಂಡಳು. ಸಭೆಯಿಂದ ಹೊರಗೆ ಬಂದಳು. ನಿಲ್ಲಿಸಬಹುದಾದ ಜಾಗ ಬಂತು, ನಿಲ್ಲಿಸಿದೆ.

ತಾಯಿ ಮೊರವನ್ನು ಕೆಳಗಿಟ್ಟಿದ್ದಳು.

“ಆತಾ?”

“ಈ ಭಾಗ ಇಷ್ಟ.”

“ಆಕಿ ಕೇಳಿದ್ದಕ್ಕ ಯಾರೂ ಏನೂ ಅನ್ಲಿಲ್ಲಲ್ರೀ.”

ನಾನು ಹಿಂದಿನ ಹಾಳೆ ತಿರುವಿದೆ, ಮುಂದಿನದನ್ನೂ ತಿರುವಿದೆ. ಮನೆಯಲ್ಲಿ ಎಷ್ಟು ಸಲ ಓದಿ, ಉಸಿರಿಗೆ ಗೀರು ಹಾಕಿ, ನಿಲ್ಲುವ ಜಾಗ ಹುಡುಕಿದವಳು ನಾನು. ಅದು ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. “ಇಲ್ಲವ್ವ. ಬಿಟ್ಟು ಕಳಿಸಿದ್ರು. ಉತ್ತರ ಕೊಡಲಿಲ್ಲ.”

ಅವಳು ಮೊರ ಎತ್ತಿಕೊಂಡಳು. ಒಂದೆರಡು ಸಲ ಕೇರಿ, ಕಲ್ಲು ಆರಿಸಿ ಹೊರಗೆ ಎಸೆದಳು.

“ನನ್ನ ಮಗಳಿಗೆ ಇದನ್ನ ಹೇಳಬ್ಯಾಡ್ರಿ. ಹೋಗೂವಾಗ ಬಸ್ಸಿನ್ಯಾಗ ನನ್ನ ಕೈ ಹಿಡಿದು ಅಂದ್ಲು, ಅಕ್ಕೋರ ಪುಸ್ತಕದಾಗ ಮುಂದಿನ ಹಾಳ್ಯಾಗ ಉತ್ತರ ಐತಿ, ಕೇಳ್ಕೊಂಡು ಬಾ ಅಂತ. ಐತಿ ಅಂತ ತಿಳ್ಕೊಂಡಾಳ. ಹಂಗ ಇರ್ಲಿ.”

ನಾನು ಯಾರಿಗೂ ಹೇಳಲಿಲ್ಲ. ಮಸ್ಕಿಗೆ ಬಂದ ಮೇಲೆ ಆಪಾ ಕೇಳಿದಾಗಲೂ ಓದು ಮುಗಿಯಿತು ಅಂದೆ ಅಷ್ಟೆ. ಮಳೆಗಾಲದಲ್ಲಿ ಹುಡುಗಿಯ ಮದುವೆ ಆಯಿತು ಅಂತ ಗಿರಣಿ ಲೈನಿನವರು ಸಂತೆಯಲ್ಲಿ ಸಿಕ್ಕಾಗ ಹೇಳಿದರು. ಒಂಬತ್ತನೆಯ ತರಗತಿಯ ಪುಸ್ತಕಗಳನ್ನು ಶಾಲೆಯಿಂದ ಯಾರೂ ತೆಗೆದುಕೊಂಡು ಹೋಗಲಿಲ್ಲವಂತೆ.

ಸ್ಫೂರ್ತಿ, ಅಮರೇಶ, ನಿಮಗೆ ಮಾತ್ರ ಹೇಳುತ್ತಿದ್ದೇನೆ. ಆಮೇಲೆ ಲಿಂಗಸುಗೂರಿಗೆ ಹೋದಾಗ ಆ ಪಂಡಿತರ ದಪ್ಪ ಪುಸ್ತಕವನ್ನೂ ಅಂಗಡಿಯಲ್ಲೇ ನಿಂತು ಹುಡುಕಿದೆ. ಅದರಲ್ಲೂ ಉತ್ತರ ಇಲ್ಲ. ಮುಂದಿನ ಹಾಳೆಯಲ್ಲಿ ಇರುತ್ತದೆ ಅಂತ ನೀವು ಯಾರೂ ಕಾಯಬಾರದು. ಅಮರೇಶ, ನಿನ್ನ ಅಕ್ಕನ ಮದುವೆಯ ವಿಷಯ ಮನೆಯಲ್ಲಿ ಮಾತಿಗೆ ಬಂದ ದಿನ, ಎಲ್ಲರೂ ಕುಳಿತಿರುವಾಗಲೇ ಈ ಪತ್ರವನ್ನು ತೆಗೆದು ಗಟ್ಟಿಯಾಗಿ ಓದು. ಯಾರಾದರೂ ಬಂದರು ಅಂತ ನಡುವೆ ನಿಲ್ಲಿಸಬೇಡ. ಅಲ್ಲಿಯವರೆಗೆ ಈ ಹಾಳೆಗಳು ನಿಮ್ಮಿಬ್ಬರ ಹತ್ತಿರವೇ ಇರಲಿ. ಜೋಪಾನ ಮಾಡುತ್ತೇನೆ ಅಂತ ನಿಮ್ಮಪ್ಪ ಕೇಳಿದರೂ ಅವನ ಕೈಗೆ ಕೊಡಬೇಡಿರಿ.